ನಮ್ಮ ಹೆಣ್ಣುಮಕ್ಕಳು ಎರಡು ಸಲ ಏಷ್ಯಾ ಫೈನಲ್ ಆಡಿದ್ದರು ಅನ್ನೋದು ನಿಜವಾ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. 2025ರ ಜುಲೈ 5ರಂದು ನಮ್ಮ ಮಹಿಳಾ ಫುಟ್‌ಬಾಲ್ ತಂಡ ಥಾಯ್ಲೆಂಡನ್ನು ಅವರ ನೆಲದಲ್ಲೇ 2-1ರಿಂದ ಸೋಲಿಸಿತು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು. 2026ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದಲ್ಲಿ ನಡೆಯುವ ಏಷ್ಯಾ ಕಪ್‌ಗೆ ಈಗ ನಾವು ಹೋಗುತ್ತಿದ್ದೇವೆ. ಅರ್ಹತಾ ಸುತ್ತು ಆಡಿ ಗೆದ್ದು ಹೋಗುತ್ತಿರುವುದು ಇದೇ ಮೊದಲು. ಮಗಳು ಏಳನೇ ಕ್ಲಾಸು. ಅವಳ ಜೊತೆ ಕೂತು ಸುದ್ದಿಯನ್ನು ಎರಡೆರಡು ಸಲ ಓದಿದೆ.

ಅದೇ ಖುಷಿಯಲ್ಲಿ ಆಫೀಸಿನಲ್ಲಿ ಹೇಳಿದೆ. ಒಬ್ಬ ಹಿರಿಯರು "ಇದೇನಮ್ಮಾ, 80ರ ದಶಕದಲ್ಲಿ ನಮ್ಮವರು ಎರಡು ಸಲ ಏಷ್ಯಾ ಫೈನಲ್ಲೇ ಆಡಿದ್ದರು" ಅಂದರು. ನನಗೆ ನಂಬಿಕೆ ಬರಲಿಲ್ಲ. ಚಿಕ್ಕಂದಿನಿಂದ ಫುಟ್‌ಬಾಲ್ ನೋಡುತ್ತಾ ಬಂದವಳು ನಾನು. ಗಂಡಸರ 1951, 1962ರ ಏಷ್ಯನ್ ಗೇಮ್ಸ್ ಚಿನ್ನ ಗೊತ್ತು. 1956ರ ಒಲಿಂಪಿಕ್ಸ್‌ನ ನಾಲ್ಕನೇ ಸ್ಥಾನವೂ ಗೊತ್ತು. ಹೆಣ್ಣುಮಕ್ಕಳ ಫೈನಲ್ ಬಗ್ಗೆ ಮಾತ್ರ ಇದುವರೆಗೆ ಯಾರೂ ಹೇಳಿಲ್ಲ. ನಿಜವಾದರೆ ಎಲ್ಲಿ, ಯಾವಾಗ, ಯಾರ ಎದುರು? ಗೊತ್ತಿದ್ದವರು ಹೇಳಿ.

ಅಂಕಿಸಂಖ್ಯೆ:
ನಿಜ ಮೇಡಂ. ಎರಡೂ ಸಲ ಸೋತೆವು, ಆದರೆ ಫೈನಲ್ ಆಡಿದ್ದು ನಿಜ.

ಮೊದಲನೆಯದು 1980ರ ಜನವರಿಯಲ್ಲಿ, ಕಲ್ಲಿಕೋಟೆಯಲ್ಲಿ. ದಾಖಲೆಗಳಲ್ಲಿ ಕೆಲವು ಕಡೆ 1979ರ ಟೂರ್ನಿ ಅಂತಲೇ ಇರುತ್ತದೆ, ಗೊಂದಲ ಮಾಡಿಕೊಳ್ಳಬೇಡಿ. ತೈವಾನ್ ಎದುರು 0-2. ಎರಡನೆಯದು 1983ರಲ್ಲಿ ಬ್ಯಾಂಕಾಕ್‌ನಲ್ಲಿ, ಥಾಯ್ಲೆಂಡ್ ಎದುರು 0-3. ಈ ಎರಡರ ನಡುವೆ 1981ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಮೂರನೇ ಸ್ಥಾನ. ಸತತ ಮೂರು ಟೂರ್ನಿಗಳಲ್ಲಿ ಮೊದಲ ಮೂರರೊಳಗೆ ಇದ್ದ ತಂಡ ಅದು.

ಟೂರ್ನಿ ಶುರುವಾಗಿದ್ದು 1975ರಲ್ಲಿ, ಹಾಂಗ್‌ಕಾಂಗ್‌ನಲ್ಲಿ. ಮೊದಲ ಕಪ್ ಗೆದ್ದದ್ದು ನ್ಯೂಜಿಲೆಂಡ್, ಫೈನಲ್‌ನಲ್ಲಿ ಥಾಯ್ಲೆಂಡ್ ಎದುರು 3-1.

ಬೊಮ್ಮನಹಳ್ಳಿ ಬ್ಯಾಕ್:
ಏಷ್ಯಾ ಕಪ್ ನ್ಯೂಜಿಲೆಂಡ್ ಗೆದ್ದಿತ್ತಾ? ಅದು ಏಷ್ಯಾದಲ್ಲೇ ಇಲ್ಲವಲ್ಲ.

ಅಂಕಿಸಂಖ್ಯೆ:
ಹೌದು. ಆಗ ಈ ಟೂರ್ನಿ ನಡೆಸುತ್ತಿದ್ದದ್ದು ಏಷ್ಯಾದ ಫುಟ್‌ಬಾಲ್ ಒಕ್ಕೂಟವಾದ ಎಎಫ್‌ಸಿ ಅಲ್ಲ. ಏಷ್ಯನ್ ಲೇಡೀಸ್ ಫುಟ್‌ಬಾಲ್ ಕಾನ್ಫೆಡರೇಷನ್ ಅಂತ ಬೇರೆಯೇ ಒಂದು ಸಂಸ್ಥೆ ಇತ್ತು. ಹೆಣ್ಣುಮಕ್ಕಳ ಆಟ ಬೆಳೆಯಲಿ ಅಂತ ಕೆಲವು ದೇಶಗಳವರು ಸೇರಿ 1968ರಲ್ಲಿ ತಾವೇ ಕಟ್ಟಿಕೊಂಡದ್ದು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನವರನ್ನೂ ಕರೆದು ಆಡಿಸುತ್ತಿದ್ದರು. 1986ರಲ್ಲಿ ಅದು ಎಎಫ್‌ಸಿಯಲ್ಲಿ ಸೇರಿಹೋಯಿತು.

ಪಣಂಬೂರು ಅಲೆ:
ಫೈನಲ್ ಆಡಿದ್ದು ಸರಿ. ಆದರೆ ಇದನ್ನು ಹಿಡಿದು "ನಾವು ಏಷ್ಯಾದ ದೊಡ್ಡ ಶಕ್ತಿಯಾಗಿದ್ದೆವು" ಅಂತ ಹೇಳುವುದು ನನಗೆ ಒಪ್ಪಿಗೆ ಇಲ್ಲ. ಆಗ ಚೀನಾ ಇರಲಿಲ್ಲ, ಜಪಾನ್ ಇರಲಿಲ್ಲ, ಕೊರಿಯಾದ ಎರಡೂ ತಂಡಗಳು ಇರಲಿಲ್ಲ. ಕಲ್ಲಿಕೋಟೆಯಲ್ಲಂತೂ ಭಾರತದ್ದೇ ಎರಡು ತಂಡ ಆಡಿದ್ದವು, ಇಂಡಿಯಾ ಎಸ್ ಮತ್ತು ಇಂಡಿಯಾ ಎನ್ ಅಂತ. ಫೈನಲ್‌ಗೆ ಹೋದದ್ದು ಇಂಡಿಯಾ ಎಸ್. ಆಸ್ಟ್ರೇಲಿಯಾದಿಂದ ಬಂದದ್ದು ಪೂರ್ತಿ ದೇಶದ ತಂಡವೂ ಅಲ್ಲ, ವೆಸ್ಟರ್ನ್ ಆಸ್ಟ್ರೇಲಿಯಾ ಅನ್ನೋ ಒಂದು ರಾಜ್ಯದ ತಂಡ. ಆಟಗಾರ್ತಿಯರ ಬಗ್ಗೆ ನನಗೆ ಪೂರ್ತಿ ಗೌರವ ಇದೆ. ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು.

ಅಂಕಿಸಂಖ್ಯೆ:
ಒಂದು ತಿದ್ದುಪಡಿ. ಜಪಾನ್ 1981ರಲ್ಲಿ ಹಾಂಗ್‌ಕಾಂಗ್‌ಗೆ ಬಂದಿತ್ತು. ಅವರ ಮಹಿಳಾ ರಾಷ್ಟ್ರೀಯ ತಂಡದ ಮೊಟ್ಟಮೊದಲ ಅಧಿಕೃತ ಪಂದ್ಯಗಳೇ ಅವು. ತೈವಾನ್ ಎದುರು 0-1, ಥಾಯ್ಲೆಂಡ್ ಎದುರು 0-2ರಿಂದ ಸೋತು ಗುಂಪು ಹಂತದಲ್ಲೇ ಮನೆಗೆ ಹೋದರು. ಅದೇ ಟೂರ್ನಿಯಲ್ಲಿ ನಾವು ಮೂರನೇ ಸ್ಥಾನ. ಅಲ್ಲಿಂದ 30 ವರ್ಷಕ್ಕೆ, 2011ರಲ್ಲಿ, ಜಪಾನ್ ವಿಶ್ವಕಪ್ ಗೆದ್ದಿತು.

ಪಣಂಬೂರು ಅಲೆ:
ಇದು ಗೊತ್ತಿರಲಿಲ್ಲ. ಜಪಾನ್ ವಿಷಯದಲ್ಲಿ ನನ್ನ ಮಾತು ತಪ್ಪು, ಒಪ್ಪಿದೆ. ಚೀನಾ, ಕೊರಿಯಾ ಬಗ್ಗೆ ಹೇಳಿದ್ದಕ್ಕೆ ಮಾತ್ರ ಬದ್ಧ.

ಜಾಜಿಮಲ್ಲೆ:
ಜಪಾನ್ ನಮ್ಮ ಹಿಂದೆ ಇತ್ತು ಅನ್ನೋದನ್ನು ಓದಿ ನಿಜಕ್ಕೂ ಹೊಟ್ಟೆ ಉರಿಯಿತು. ಅವರು ಆಮೇಲೆ ಏನು ಮಾಡಿದರು, ನಾವು ಏನು ಮಾಡಲಿಲ್ಲ, ಅದು ಮುಖ್ಯ ಅಲ್ವಾ?

ಕೆರೆಯಂಗಳ:
ನನಗೆ ಇನ್ನೊಂದು ಸಂದೇಹ. ತೈವಾನ್ ಇಷ್ಟು ಚೆನ್ನಾಗಿ ಆಡುತ್ತಿತ್ತಾ? ಈಗ ಅವರ ಹೆಸರೇ ಕೇಳುವುದಿಲ್ಲ.

ಹಳೇ ಪೇಪರ್:
ತೈವಾನ್ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇಡೀ ಟೂರ್ನಿಯ ಚರಿತ್ರೆ ಅದರ ಸುತ್ತಲೇ ಇದೆ.

1974ರಲ್ಲಿ ಚೀನಾ ಎಎಫ್‌ಸಿಗೆ ಸೇರಿತು, ತೈವಾನ್ ಹೊರಗೆ ಬಿತ್ತು. ಏಷ್ಯಾದ ಗಂಡಸರ ಟೂರ್ನಿಗಳ ಬಾಗಿಲು ಅವರಿಗೆ ಮುಚ್ಚಿತು. ಆದರೆ ಮಹಿಳೆಯರ ಟೂರ್ನಿ ಬೇರೆ ಸಂಸ್ಥೆಯದು ಅಂದೆವಲ್ಲ, ಅಲ್ಲಿ ತೈವಾನ್ ಇತ್ತು. ಅವರ ತಂಡಕ್ಕೆ ಮುಲಾನ್ ಅಂತ ಹೆಸರು, ಯುದ್ಧಕ್ಕೆ ಹೋದ ಹುಡುಗಿಯ ಹಳೇ ಕಥೆಯಿಂದ ಬಂದದ್ದು. 1977, 1980, 1981, ಸತತ ಮೂರು ಸಲ ಕಪ್ ಗೆದ್ದರು. 1981ರ ಫೈನಲ್‌ನಲ್ಲಿ ಥಾಯ್ಲೆಂಡ್ ಮೇಲೆ 5-0.

1986ರಲ್ಲಿ ಎಎಫ್‌ಸಿ ಕೈಗೆ ಟೂರ್ನಿ ಬಂದಾಗ ಎಲ್ಲ ತಿರುಗಿಬಿತ್ತು. ಚೀನಾ ಒಳಗೆ ಬಂತು, ತೈವಾನ್ ಹೊರಗೆ ಹೋಯಿತು. ಚೈನೀಸ್ ತೈಪೆ ಅನ್ನೋ ಹೆಸರಲ್ಲಿ ಮತ್ತೆ ಬಂದದ್ದು 1989ರಲ್ಲಿ. ಅಷ್ಟರಲ್ಲಿ ಚೀನಾ ಓಟ ಶುರು ಮಾಡಿಯಾಗಿತ್ತು. 1986ರಿಂದ 1999ರವರೆಗೆ ಏಳು ಟೂರ್ನಿ, ಏಳೂ ಚೀನಾಕ್ಕೆ! ಆದರೂ ತೈಪೆಯವರು 1991ರಲ್ಲಿ ಫುಕುವೋಕಾದಲ್ಲಿ ಮೂರನೇ ಸ್ಥಾನ ಹಿಡಿದು ಮೊದಲ ವಿಶ್ವಕಪ್‌ಗೆ ಹೋದರು. ಅಲ್ಲಿ ನೈಜೀರಿಯಾವನ್ನು ಸೋಲಿಸಿ ಕ್ವಾರ್ಟರ್ ಫೈನಲ್ ಮುಟ್ಟಿದರು.

ಹಾಗಾಗಿ ಪಣಂಬೂರಿನವರೇ, 1980ರಲ್ಲಿ ನಾವು ಸೋತದ್ದು ಸಣ್ಣ ತಂಡಕ್ಕಲ್ಲ. ಅಂದಿನ ಏಷ್ಯಾದ ಅತ್ಯುತ್ತಮ ತಂಡಕ್ಕೆ.

ಸಾಂತಾಕ್ಲಾರಾ ಸೊಗಡು:
ಆ ಚೀನಾ ತಂಡದ ಬಗ್ಗೆ ಒಂದು ಮಾತು. 1999ರ ವಿಶ್ವಕಪ್ ಫೈನಲ್ ಇಲ್ಲೇ ಕ್ಯಾಲಿಫೋರ್ನಿಯಾದಲ್ಲಿ, ರೋಸ್ ಬೌಲ್‌ನಲ್ಲಿ ನಡೆದದ್ದು. 90,185 ಜನ. ಅಮೆರಿಕವನ್ನು ಗೋಲಿಲ್ಲದ ಡ್ರಾಗೆ ಹಿಡಿದು, ಪೆನಾಲ್ಟಿಯಲ್ಲಿ ಸೋತರು. ಏಷ್ಯಾ ಚಾಂಪಿಯನ್ ಅಂದರೆ ಆಗ ಜಗತ್ತಿನಲ್ಲೇ ಒಂದು ಅಥವಾ ಎರಡನೇ ತಂಡ ಅಂತ ಅರ್ಥ. ಈಗಿನ ಹುಡುಗಿಯರಿಗೆ ಆ ಚೀನಾ ತಂಡದ ಆಟಗಾರ್ತಿ ಸುನ್ ವೆನ್ ಹೆಸರು ಗೊತ್ತಿಲ್ಲ ಅಂದರೆ ಬೇಜಾರಾಗುತ್ತದೆ.

ಕುಂಬಳೆ ಕಾಲ್ಚೆಂಡು:
ಕಲ್ಲಿಕೋಟೆ ಅಂದ ಕೂಡಲೇ ಬರೆಯಬೇಕು ಅನ್ನಿಸಿತು. ನಮ್ಮ ದೊಡ್ಡಪ್ಪ ಆಗ ಅಲ್ಲಿ ಹೋಟೆಲ್ ಕೆಲಸಕ್ಕಿದ್ದರು. ಮಧ್ಯಾಹ್ನದ ಊಟದ ಕೆಲಸ ಮುಗಿಸಿ, ಸಂಜೆ ತಿಂಡಿಗೆ ಇನ್ನೊಬ್ಬರನ್ನು ನಿಲ್ಲಿಸಿ ಪಂದ್ಯ ನೋಡಲು ಓಡಿದ್ದರಂತೆ. ಮೊದಲ ದಿನ ಹೆಣ್ಣುಮಕ್ಕಳು ಚಡ್ಡಿ ಹಾಕಿಕೊಂಡು ಆಡುತ್ತಾರೆ ಅಂತ ನೋಡಲು ಬಂದವರೂ ಇದ್ದರು, ಎರಡನೇ ದಿನ ಆಟ ನೋಡಲು ಬಂದರು ಅಂತ ದೊಡ್ಡಪ್ಪ ಹೇಳುತ್ತಿದ್ದರು. ತೈವಾನ್ ಹುಡುಗಿಯರ ಪಾಸ್ ಬಗ್ಗೆ ಸಾಯುವವರೆಗೂ ಹೇಳಿದರು. "ಚೆಂಡು ಕಾಲಲ್ಲಿ ನಿಲ್ಲೋದೇ ಇಲ್ಲ ಮಾರಾಯಾ, ಬಂದ ಹಾಗೆ ಹೋಗ್ತದೆ" ಅಂತ.

ಇವತ್ತು ದೇಶದ ಮಹಿಳಾ ಲೀಗನ್ನು ಮೂರು ಸಲ ಗೆದ್ದ ಗೋಕುಲಂ ಕೇರಳ ಕೂಡ ಅದೇ ಕಲ್ಲಿಕೋಟೆಯ ಕ್ಲಬ್.

ಬೊಮ್ಮನಹಳ್ಳಿ ಬ್ಯಾಕ್:
2023ರ ಫೈನಲ್‌ನಲ್ಲಿ ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡಕ್ಕೆ 5 ಗೋಲು ಹಾಕಿದವರೂ ಅವರೇ. ಆದರೆ ಕಿಕ್‌ಸ್ಟಾರ್ಟ್ ಫೈನಲ್‌ವರೆಗೆ ಹೋದದ್ದೇ ದೊಡ್ಡದು, ಅದನ್ನೂ ಬರೆದಿಡಿ.

ಸರಸ್ವತಿಪುರಂ ಅಕ್ಕ:
ನಾನು 1982ರಿಂದ 85ರವರೆಗೆ ಕಾಲೇಜು ತಂಡದಲ್ಲಿ ಆಡಿದವಳು. ಮಿಡ್‌ಫೀಲ್ಡ್. ಇದನ್ನು ಓದಿ ಎಷ್ಟೋ ನೆನಪಾಯಿತು.

ಆಗ ನಮಗೆ ಶಾಂತಿ ಮಲ್ಲಿಕ್ ಅಂದರೆ ದೇವರು. ಬಂಗಾಳದವರು, 1983ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಫುಟ್‌ಬಾಲ್‌ಗೆ ಅರ್ಜುನ ಪಡೆದ ಮೊದಲ ಮಹಿಳೆ. ಪೇಪರಿನಲ್ಲಿ ಬಂದ ಸಣ್ಣ ಫೋಟೊ ಕತ್ತರಿಸಿ ಹಾಸ್ಟೆಲ್ ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿದ್ದೆ. ನಮ್ಮ ತಂಡದಲ್ಲಿ ಹದಿನಾಲ್ಕು ಜನ, ಬೂಟ್ ಇದ್ದದ್ದು ಒಂಬತ್ತು ಜೊತೆ. ಬದಲಿ ಆಟಗಾರ್ತಿ ಒಳಗೆ ಹೋಗಬೇಕಾದರೆ ಹೊರಗೆ ಬಂದವಳ ಬೂಟ್ ಬಿಚ್ಚಿ ಹಾಕಿಕೊಳ್ಳಬೇಕು. ಬೂಟಿನೊಳಗೆ ಬಟ್ಟೆ ತುರುಕುತ್ತಿದ್ದೆವು. ಊರ ಹೊರಗೆ ಪಂದ್ಯವಿದ್ದರೆ ಮನೆಯಲ್ಲಿ ಥ್ರೋಬಾಲ್ ಅಂತಲೇ ಹೇಳುತ್ತಿದ್ದೆ. ಥ್ರೋಬಾಲ್ ಅಂದರೆ ಅಪ್ಪನಿಗೆ ಪರವಾಗಿರಲಿಲ್ಲ.

ಕೊನೆಯ ವರ್ಷ ತಂಡವನ್ನೇ ನಿಲ್ಲಿಸಿದರು. ದುಡ್ಡಿಲ್ಲ ಅಂದರು. ಹುಡುಗರ ತಂಡಕ್ಕೆ ಅದೇ ವರ್ಷ ಹೊಸ ಜೆರ್ಸಿ ಬಂತು. ನಲವತ್ತು ವರ್ಷ ಆಯಿತು, ಆ ಜೆರ್ಸಿಯ ಬಣ್ಣ ಇನ್ನೂ ಕಣ್ಣ ಮುಂದೆ ಇದೆ. ನೀಲಿ, ಬಿಳಿ ಪಟ್ಟಿ.

ತುಂಗಾತೀರ:
ಅಕ್ಕಾ, ಇದನ್ನು ಮಗಳಿಗೆ ಓದಿ ಹೇಳಿದೆ. ಬೂಟ್ ಬದಲಾಯಿಸುವುದನ್ನು ಕೇಳಿ ಅವಳು ಎದ್ದು ಹೋಗಿ ತನ್ನ ಬೂಟ್ ಒರೆಸಿಟ್ಟಳು.

ಪಿಟಿ ಮೇಷ್ಟ್ರು ಧಾರವಾಡ:
ಅಕ್ಕ ಅವರೇ, ನಿಮ್ಮಂಥವರ ಕಥೆ ಕೇಳಿದ ಮೇಲೂ "ಸುಮ್ನೆ ದುರ್ಬಲ ಟೂರ್ನಿ" ಅನ್ನುವವರಿಗೆ ಏನು ಹೇಳೋಣ?

ಪಣಂಬೂರು ಅಲೆ:
ಸರ್, ದುರ್ಬಲ ಅಂತ ನಾನು ಎಲ್ಲೂ ಬರೆದಿಲ್ಲ, ದಯವಿಟ್ಟು ಮತ್ತೆ ಓದಿ. ಎಲ್ಲ ದೊಡ್ಡ ತಂಡಗಳು ಇರಲಿಲ್ಲ ಅಂದೆ. ಅದು ಸತ್ಯ. ಅಕ್ಕ ಅವರ ಮಾತು ಓದಿದ ಮೇಲೆ ನನ್ನ ಪ್ರಶ್ನೆ ಇನ್ನೂ ಜಾಸ್ತಿ ಆಯಿತು. ಇಂಥ ಸ್ಥಿತಿಯಲ್ಲೇ ಏಷ್ಯಾದ ಎರಡನೇ ಸ್ಥಾನಕ್ಕೆ ಬಂದವರು ಆಮೇಲೆ ಎಲ್ಲಿ ಹೋದರು?

ಹಳೇ ಪೇಪರ್:
ಎಲ್ಲೂ ಹೋಗಲಿಲ್ಲ, ಅವರನ್ನು ಕಳಿಸಲಿಲ್ಲ. 1986, 1989, 1991, 1993. ನಾಲ್ಕು ಟೂರ್ನಿಗಳಲ್ಲಿ ಭಾರತ ಇರಲೇ ಇಲ್ಲ.

ಕಾರಣ ಹೀಗೆ. ನಮ್ಮಲ್ಲೂ ಹೆಣ್ಣುಮಕ್ಕಳ ಫುಟ್‌ಬಾಲ್ ನಡೆಸುತ್ತಿದ್ದದ್ದು ಬೇರೆ ಸಂಸ್ಥೆ, ವಿಮೆನ್ಸ್ ಫುಟ್‌ಬಾಲ್ ಫೆಡರೇಷನ್ ಆಫ್ ಇಂಡಿಯಾ. 1975ರಲ್ಲಿ ಹುಟ್ಟಿದ್ದು. ಅದೇ ವರ್ಷ ಲಖನೌದಲ್ಲಿ ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್. ಐದೇ ವರ್ಷಕ್ಕೆ ಏಷ್ಯಾ ಫೈನಲ್ ಅಂದರೆ ಆ ಜನ ಎಷ್ಟು ದುಡಿದಿರಬೇಕು ಯೋಚಿಸಿ. ದೇಶದ ಫುಟ್‌ಬಾಲ್ ನಡೆಸುವ ಎಐಎಫ್‌ಎಫ್ ಹೆಣ್ಣುಮಕ್ಕಳ ಆಟವನ್ನು ತನ್ನ ಕೈಗೆ ತೆಗೆದುಕೊಂಡದ್ದು 90ರ ದಶಕದ ಶುರುವಿನಲ್ಲಿ. ನಡುವಿನ ವರ್ಷಗಳಲ್ಲಿ ಆಟ ಎರಡೂ ಕಡೆಗೆ ಸೇರದೆ ಉಳಿಯಿತು. ಚೀನಾ, ಜಪಾನ್ ಕೈಹಾಕಿದ್ದು ಅದೇ ಹೊತ್ತಿನಲ್ಲಿ. ವಿಶ್ವಕಪ್ ಹುಟ್ಟಿದ್ದೂ ಅದೇ ಹೊತ್ತಿನಲ್ಲಿ.

ಪರಿಣಾಮ ನೋಡಿ. 1998ರ ಏಷ್ಯನ್ ಗೇಮ್ಸ್‌ನಲ್ಲಿ ಚೀನಾ ಎದುರು 0-16. ಶಾಂತಿ ಮಲ್ಲಿಕ್ ನಂತರ ಫುಟ್‌ಬಾಲ್‌ಗೆ ಅರ್ಜುನ ಪಡೆದ ಮಹಿಳೆ ಮಣಿಪುರದ ಬೆಂಬೆಂ ದೇವಿ, 2017ರಲ್ಲಿ. ನಡುವೆ 34 ವರ್ಷ. 2009ರಲ್ಲಿ ಪಂದ್ಯಗಳನ್ನೇ ಆಡದ ಕಾರಣಕ್ಕೆ ಫಿಫಾ ರ್‍ಯಾಂಕಿಂಗ್ ಪಟ್ಟಿಯಿಂದ ನಮ್ಮ ಹೆಸರೇ ಹೋಯಿತು. ಸೋತು ಕೆಳಗೆ ಹೋದದ್ದಲ್ಲ, ಆಡಿಸದೆ ಹೋದದ್ದು.

ಜಾಜಿಮಲ್ಲೆ:
"ಸೋತು ಅಲ್ಲ, ಆಡಿಸದೆ." ಇದು ನನ್ನ ಪ್ರಶ್ನೆಗೆ ಉತ್ತರ.

ಕೆರೆಯಂಗಳ:
ಜಪಾನ್ ವಿಶ್ವಕಪ್ ಗೆದ್ದಾಗ ಏಷ್ಯಾ ಕಪ್ ಎಷ್ಟು ಇತ್ತು ಅವರ ಹತ್ತಿರ?

ಅಂಕಿಸಂಖ್ಯೆ:
ಒಂದೂ ಇಲ್ಲ! 1986, 1991, 1995, 2001, ನಾಲ್ಕು ಸಲ ಫೈನಲ್‌ನಲ್ಲಿ ಸೋತಿದ್ದರು. ಮೊದಲ ಏಷ್ಯಾ ಕಪ್ ಬಂದದ್ದು 2014ರಲ್ಲಿ, ವಿಯೆಟ್ನಾಂನಲ್ಲಿ, ವಿಶ್ವಕಪ್ ಗೆದ್ದ ಮೂರು ವರ್ಷದ ಮೇಲೆ. ಆಸ್ಟ್ರೇಲಿಯಾ ಎದುರು 1-0. 2018ರಲ್ಲಿ ಜೋರ್ಡಾನ್‌ನಲ್ಲಿ ಅದೇ ಎದುರಾಳಿ, ಅದೇ 1-0.

ಆಸ್ಟ್ರೇಲಿಯಾ 2006ರಲ್ಲಿ ಎಎಫ್‌ಸಿಗೆ ಬಂದು 2010ರಲ್ಲೇ ಕಪ್ ಗೆದ್ದಿತ್ತು. ಉತ್ತರ ಕೊರಿಯಾ ಎದುರು ಆ ಫೈನಲ್‌ನಲ್ಲಿ ಗೋಲು ಹೊಡೆದ ಹುಡುಗಿಗೆ ಆಗ 16 ವರ್ಷ, ಹೆಸರು ಸ್ಯಾಮ್ ಕೆರ್.

ಬೊಮ್ಮನಹಳ್ಳಿ ಬ್ಯಾಕ್:
ಉತ್ತರ ಕೊರಿಯಾ ಮೂರು ಸಲ ಗೆದ್ದಿದೆ ಅಲ್ವಾ? ಆಮೇಲೆ ಏಕೆ ಕಾಣೆಯಾದರು?

ಹಳೇ ಪೇಪರ್:
2001, 2003, 2008ರಲ್ಲಿ ಗೆದ್ದರು. 2011ರ ವಿಶ್ವಕಪ್‌ನಲ್ಲಿ ಅವರ ಐವರು ಆಟಗಾರ್ತಿಯರು ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಅಭ್ಯಾಸದ ವೇಳೆ ಸಿಡಿಲು ಹೊಡೆಯಿತು, ಅದಕ್ಕೆ ಕಸ್ತೂರಿ ಮೃಗದ ಗ್ರಂಥಿಯಿಂದ ಮಾಡಿದ ನಾಟಿ ಔಷಧ ಕೊಟ್ಟಿದ್ದೆವು ಅಂತ ಅವರ ಕಡೆಯವರು ಹೇಳಿದರು. ಫಿಫಾ 2015ರ ವಿಶ್ವಕಪ್‌ನಿಂದ ದೂರ ಇಟ್ಟಿತು. ಅದರ ಅರ್ಹತಾ ಟೂರ್ನಿಯೇ 2014ರ ಏಷ್ಯಾ ಕಪ್ ಆಗಿದ್ದರಿಂದ ಅದೂ ತಪ್ಪಿತು.

ಪಿಟಿ ಮೇಷ್ಟ್ರು ಧಾರವಾಡ:
ಚರ್ಚೆ ಕೊರಿಯಾಕ್ಕೆ ಹೋಯಿತು, ನಮ್ಮ ಊರಿಗೆ ಬರೋಣ. ನಮ್ಮ ಶಾಲೆಯಲ್ಲಿ ಹುಡುಗಿಯರಿಗೆ ಖೋಖೋ, ಕಬಡ್ಡಿ, ಥ್ರೋಬಾಲ್ ಇದೆ. ಫುಟ್‌ಬಾಲ್ ಶುರು ಮಾಡಿ ಆರು ವರ್ಷ ಆಯಿತು. ಹೋಬಳಿ ಮಟ್ಟದಲ್ಲಿ ಎದುರಾಳಿ ತಂಡವೇ ಇರುವುದಿಲ್ಲ. ಆಡದೆಯೇ ಗೆದ್ದು ತಾಲ್ಲೂಕಿಗೆ ಹೋಗುತ್ತೇವೆ. ಮಕ್ಕಳಿಗೆ ಅದು ಖುಷಿ ಕೊಡುವುದಿಲ್ಲ. "ಸರ್, ನಾವು ಯಾವಾಗ ಆಡೋದು?" ಅಂತ ಕೇಳುತ್ತಾರೆ. ಈಗ ಭಾನುವಾರ ಐದನೇ ಕ್ಲಾಸಿನ ಹುಡುಗರ ಜೊತೆ ಆಡಿಸುತ್ತಿದ್ದೇನೆ. ಹುಡುಗಿಯರೇ ಗೆಲ್ಲುತ್ತಾರೆ.

ಸರಸ್ವತಿಪುರಂ ಅಕ್ಕ:
ಮೇಷ್ಟ್ರೇ, ಬೂಟ್ ಇದೆಯಾ ಮಕ್ಕಳಿಗೆ? ಎಷ್ಟು ಜೊತೆ ಬೇಕು ಹೇಳಿ. ಖಾಸಗಿ ಸಂದೇಶ ಕಳಿಸಿ.

ಪಿಟಿ ಮೇಷ್ಟ್ರು ಧಾರವಾಡ:
ಕಳಿಸಿದೆ ಅಕ್ಕ. ತುಂಬಾ ದೊಡ್ಡ ಮನಸ್ಸು.

ಕೆಂಗೇರಿ ಕಾರ್ನರ್:
2022ರಲ್ಲಿ ಏಷ್ಯಾ ಕಪ್ ನಮ್ಮಲ್ಲೇ ನಡೆಯಿತಲ್ಲ, ಮುಂಬೈ, ನವಿ ಮುಂಬೈ, ಪುಣೆಯಲ್ಲಿ. ಅದನ್ನು ಯಾರೂ ಎತ್ತಲೇ ಇಲ್ಲ. ನನಗೆ ಅದು ಇನ್ನೂ ಮರೆಯಲು ಆಗಿಲ್ಲ. 2003ರ ನಂತರ ಮೊದಲ ಸಲ ಭಾರತ ಈ ಟೂರ್ನಿಯಲ್ಲಿತ್ತು. ಇರಾನ್ ಜೊತೆ 0-0. ಮುಂದಿನ ಪಂದ್ಯದ ಹೊತ್ತಿಗೆ ತಂಡದಲ್ಲಿ ಕೋವಿಡ್ ಹರಡಿತು. ಕನಿಷ್ಠ 13 ಆಟಗಾರ್ತಿಯರು ಬೇಕಿತ್ತು, ಅಷ್ಟು ಜನ ಇರಲಿಲ್ಲ. ನಾವು ಟೂರ್ನಿಯಿಂದಲೇ ಹಿಂದೆ ಸರಿದಂತೆ ಅಂತ ತೀರ್ಮಾನವಾಯಿತು. ಆಡಿದ ಇರಾನ್ ಪಂದ್ಯವೂ ಲೆಕ್ಕಕ್ಕೆ ಬರಲಿಲ್ಲ. ಆತಿಥೇಯರ ಹೆಸರೇ ಪಟ್ಟಿಯಲ್ಲಿಲ್ಲ. ಆ ವರ್ಷ ನಾಯಕಿ ಆಶಾಲತಾ ದೇವಿಯವರನ್ನು ನೆನೆದರೆ ಸಂಕಟವಾಗುತ್ತದೆ.

ಜಾಜಿಮಲ್ಲೆ:
ಪಂದ್ಯ ಎರಡು ದಿನ ಮುಂದೂಡಬಹುದಿತ್ತು. ಆ ನಿಯಮ ನನಗೆ ಇವತ್ತಿಗೂ ಅನ್ಯಾಯ ಅನ್ನಿಸುತ್ತದೆ.

ಪಣಂಬೂರು ಅಲೆ:
ನಿಯಮ ಎಲ್ಲ ತಂಡಗಳಿಗೂ ಒಂದೇ ಇತ್ತು ಮೇಡಂ. ಬೇರೆ ತಂಡ ಹೀಗೆ ಸಿಕ್ಕಿಬಿದ್ದಿದ್ದರೆ ನಾವು ಮುಂದೂಡಲು ಒಪ್ಪುತ್ತಿದ್ದೆವಾ?

ಜಾಜಿಮಲ್ಲೆ:
ನಾನು ಒಪ್ಪುತ್ತಿದ್ದೆ.

ಕೆಂಗೇರಿ ಕಾರ್ನರ್:
ಆ ಫೈನಲ್ ಮಾತ್ರ ಅದ್ಭುತ. ದಕ್ಷಿಣ ಕೊರಿಯಾ ಅರ್ಧ ಸಮಯಕ್ಕೆ 2-0 ಮುಂದಿತ್ತು. ಚೀನಾ ಕೊನೆಯ ಇಪ್ಪತ್ತೈದು ನಿಮಿಷದಲ್ಲಿ ಮೂರು ಹೊಡೆದು 3-2ರಿಂದ ಗೆದ್ದಿತು. ಗೆಲುವಿನ ಗೋಲು ಹೆಚ್ಚುವರಿ ನಿಮಿಷಗಳಲ್ಲಿ. ಅವರಿಗೆ ಅದು ಒಂಬತ್ತನೇ ಕಪ್. ಕೋಚ್ ಶುಯಿ ಚಿಂಗ್‌ಶಿಯಾ ಹಿಂದೆ ಅದೇ ತಂಡಕ್ಕೆ ಆಡಿ ಏಷ್ಯಾ ಕಪ್ ಗೆದ್ದವರು. ಆಟ ಬಿಟ್ಟವರು ಕೋಚ್ ಆಗಿ ಮರಳುವ ದಾರಿ ನಮ್ಮಲ್ಲೂ ಅಗಲವಾಗಬೇಕು.

ಕೆರೆಯಂಗಳ:
ಇರಾನ್ ಅಂದಾಗ ನೆನಪಾಯಿತು. ಅವರಿಗೆ 2022ರದ್ದು ಮೊದಲ ಏಷ್ಯಾ ಕಪ್. 2011ರಲ್ಲಿ ತಲೆಗೆ ಬಟ್ಟೆ ಕಟ್ಟಿದ್ದಾರೆ ಅಂತ ಒಲಿಂಪಿಕ್ಸ್ ಅರ್ಹತಾ ಪಂದ್ಯವನ್ನೇ ಆಡಲು ಬಿಟ್ಟಿರಲಿಲ್ಲ. 2014ರಲ್ಲಿ ಫಿಫಾ ನಿಯಮ ಬದಲಾಯಿಸಿತು.

ತುಂಗಾತೀರ:
ಎಷ್ಟು ವಿಷಯ ತಿಳಿಯಿತು! ಒಂದು ಕೊನೆಯ ಪ್ರಶ್ನೆ. ಮಾರ್ಚ್‌ನಲ್ಲಿ ನಮ್ಮ ಗುಂಪಿನಲ್ಲಿ ಯಾರಿದ್ದಾರೆ? ವಿಶ್ವಕಪ್‌ಗೆ ಹೋಗುವ ಆಸೆ ಇಟ್ಟುಕೊಳ್ಳಬಹುದಾ?

ಅಂಕಿಸಂಖ್ಯೆ:
ಜಪಾನ್, ವಿಯೆಟ್ನಾಂ, ಚೈನೀಸ್ ತೈಪೆ. ಒಟ್ಟು 12 ತಂಡ, ಮೂರು ಗುಂಪು. ಏಷ್ಯಾದಿಂದ ಆರು ತಂಡಗಳು ನೇರವಾಗಿ 2027ರ ಬ್ರೆಜಿಲ್ ವಿಶ್ವಕಪ್‌ಗೆ ಹೋಗುತ್ತವೆ. ಸೆಮಿಫೈನಲ್‌ನ ನಾಲ್ಕು, ಕ್ವಾರ್ಟರ್ ಫೈನಲ್‌ನಲ್ಲಿ ಸೋತವರ ನಡುವಿನ ಪ್ಲೇಆಫ್‌ನಿಂದ ಎರಡು. ಅರ್ಹತಾ ಸುತ್ತಿನ ನಾಲ್ಕು ಪಂದ್ಯದಲ್ಲಿ ನಾವು 24 ಗೋಲು ಹೊಡೆದೆವು, ಅದರಲ್ಲಿ 13 ಮಂಗೋಲಿಯಾ ಎದುರು. ಜಪಾನ್ ಎದುರು ಆ ಲೆಕ್ಕ ನಡೆಯುವುದಿಲ್ಲ. ಆದರೆ ಗುಂಪು ದಾಟುವ ಆಸೆ ಇಟ್ಟುಕೊಳ್ಳಬಹುದು.

ಕೆಂಗೇರಿ ಕಾರ್ನರ್:
ಥಾಯ್ಲೆಂಡಿಗೆ ಹೋಗುವ ಮುಂಚೆ ಇದೇ ತಂಡ ಬೆಂಗಳೂರಿನಲ್ಲಿ ಉಜ್ಬೇಕಿಸ್ತಾನದ ಎದುರು ಎರಡು ಸ್ನೇಹ ಪಂದ್ಯ ಆಡಿತ್ತು. ಎರಡರಲ್ಲೂ 0-1. "ಇವರೇನು ಗೆಲ್ಲುತ್ತಾರೆ" ಅಂದವರು ಆಗ ತುಂಬಾ ಜನ. ಐದು ವಾರದಲ್ಲಿ ಥಾಯ್ಲೆಂಡನ್ನು ಕೆಡವಿದರು. ಹಾಗಾಗಿ ಈಗಲೇ ಲೆಕ್ಕ ಹಾಕಬೇಡಿ.

ಬೊಮ್ಮನಹಳ್ಳಿ ಬ್ಯಾಕ್:
ಬಾಂಗ್ಲಾದೇಶವೂ ಮೊದಲ ಸಲ ಹೋಗುತ್ತಿದೆ. ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಕಪ್ ಮೊದಲ ಐದೂ ಸಲ ನಮ್ಮದೇ, ಆಮೇಲೆ 2022, 2024 ಎರಡೂ ಅವರಿಗೆ. ನಾವು ಎಚ್ಚರ ಆಗಬೇಕು.

ಪರ್ತ್ ಪಡಸಾಲೆ:
ನಮಸ್ಕಾರ, ನಾನು ಪರ್ತ್‌ನಲ್ಲಿದ್ದೇನೆ, ಹಾಸನದ ಕಡೆಯವನು. ಭಾರತದ ಮೊದಲ ಎರಡು ಪಂದ್ಯ, ವಿಯೆಟ್ನಾಂ ಮತ್ತು ಜಪಾನ್ ಎದುರಿನವು, ನಮ್ಮ ಊರಲ್ಲೇ. ಮೇಲೆ ಒಬ್ಬರು 1980ರಲ್ಲಿ ಕಲ್ಲಿಕೋಟೆಗೆ ವೆಸ್ಟರ್ನ್ ಆಸ್ಟ್ರೇಲಿಯಾ ತಂಡ ಬಂದಿತ್ತು ಅಂದರಲ್ಲ, ಆ ರಾಜ್ಯದ ರಾಜಧಾನಿಯೇ ಪರ್ತ್. ಅವರು ಅಂದು ನಮ್ಮಲ್ಲಿಗೆ ಬಂದರು, ಈಗ ನಮ್ಮವರು ಇಲ್ಲಿಗೆ ಬರುತ್ತಿದ್ದಾರೆ. ನಾವು ಹತ್ತು ಹನ್ನೆರಡು ಮನೆಯವರು ಒಟ್ಟಿಗೆ ಹೋಗುತ್ತೇವೆ.

ಹಳೇ ಪೇಪರ್:
ಮೂರನೇ ಪಂದ್ಯ ಸಿಡ್ನಿಯಲ್ಲಿ, ಚೈನೀಸ್ ತೈಪೆ ಎದುರು. ಗಮನಿಸಿದಿರಾ? 1980ರ ಫೈನಲ್‌ನಲ್ಲಿ ನಮ್ಮನ್ನು ಸೋಲಿಸಿದ್ದು ಅವರೇ. 2022ರಲ್ಲಿ ಕೋವಿಡ್‌ನಿಂದ ಆಡಲಾಗದೆ ಹೋದ ಪಂದ್ಯವೂ ಅವರ ಎದುರಿನದೇ.

ಪಣಂಬೂರು ಅಲೆ:
ಇದನ್ನು ಗಮನಿಸಿರಲಿಲ್ಲ. ಆ ದಿನ ರಜೆ ಹಾಕುತ್ತೇನೆ.

ಸರಸ್ವತಿಪುರಂ ಅಕ್ಕ:
ಪರ್ತ್‌ನವರೇ, ಒಂದು ಕೋರಿಕೆ. ಮೈದಾನದಲ್ಲಿ ಹಿಡಿಯಲು ಬೋರ್ಡ್ ಮಾಡುತ್ತೀರಾದರೆ ಅದರಲ್ಲಿ ಕಲ್ಲಿಕೋಟೆ 1980 ಅಂತಲೂ ಬರೆಯಿರಿ.

ಪರ್ತ್ ಪಡಸಾಲೆ:
ಖಂಡಿತ ಅಕ್ಕ. ಕನ್ನಡದಲ್ಲೇ ಬರೆಯುತ್ತೇವೆ.